ಮಸೂತಿಯ ಡೊಳ್ಳನ್ನು ವಿದೇಶಕ್ಕೆ ಒಯ್ಯುವ ವಿಧಾನ: ಬಳಕೆದಾರರ ಕೈಪಿಡಿ

ಬಳಸುವ ಮೊದಲು ಓದಿ

ಅಭಿನಂದನೆಗಳು. ನಿಮ್ಮ ಮೇಳಕ್ಕೆ ಹೊರದೇಶದ ಕರೆ ಬಂದಿದೆ. ಕರೆದವರು ಎರಡು ಕೆಲಸ ಹೇಳಿದ್ದಾರೆ. ಶನಿವಾರ ಸಂಜೆ ವೇದಿಕೆಯ ಮೇಲೆ ಡೊಳ್ಳು ಬಾರಿಸಿ ಕುಣಿಯಬೇಕು. ಭಾನುವಾರ ಮುಂಜಾನೆ ಎರಡು ತಾಸು ಅದನ್ನೇ ಕಲಿಸಬೇಕು. ಶನಿವಾರದ್ದು ಸುಲಭ. ಕುಣಿದು ಮುಗಿಸಿದ ಮೇಲೆ ನೀವು ಊರಿಗೆ ಬರುತ್ತೀರಿ, ಕುಣಿತವೂ ನಿಮ್ಮ ಸಂಗಡ ಬರುತ್ತದೆ. ಭಾನುವಾರದ್ದು ಹಾಗಲ್ಲ. ನೀವಷ್ಟೇ ವಾಪಸು ಬರುತ್ತೀರಿ. ಕಲಿಸಿದ್ದು ಅಲ್ಲೇ ಉಳಿಯುತ್ತದೆ, ನಿಮ್ಮನ್ನು ಕೇಳದೆ ಬೆಳೆಯುತ್ತದೆ. ಈ ಕೈಪಿಡಿ ಮುಖ್ಯವಾಗಿ ಆ ಭಾನುವಾರಕ್ಕಾಗಿ.

1. ಯಾವ ಮಾದರಿಗೆ ಹೊಂದುತ್ತದೆ

ಈ ಕೈಪಿಡಿಯನ್ನು ಮಸೂತಿ ಮಾದರಿಯ ಡೊಳ್ಳಿಗೆ ತಯಾರಿಸಲಾಗಿದೆ. ಬಸವನ ಬಾಗೇವಾಡಿ ಸೀಮೆಯ, ಆಲಮಟ್ಟಿ ಹಿನ್ನೀರಿನ ಬಗಲಿನ ಬೇರೆ ಊರುಗಳಿಗೂ ನಡೆಯುತ್ತದೆ. ಈ ಭಾಗದಿಂದ ಏನಾದರೂ ಹೊರಗೆ ಹೋಗುವುದು ಹೊಸ ಸಂಗತಿಯೇನಲ್ಲ. ಮಸೂತಿಯ ಜಾಕ್‌ವೆಲ್ ಕೃಷ್ಣೆಯ ನೀರನ್ನು ಎತ್ತಿ ದೂರದ ಕಾಲುವೆಗಳಿಗೆ ಕಳಿಸುತ್ತದೆ. ಬಾಜೂ ಊರು ಕೂಡಗಿಯ 2400 ಮೆಗಾವಾಟ್ ಸ್ಥಾವರದಿಂದ ಕರೆಂಟು ಹೋಗುತ್ತದೆ. ಕೊಲ್ಹಾರದಿಂದ ಗಡಿಗೆ ಮೊಸರು ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಜನ ಗೋವಾಕ್ಕೂ ಮಹಾರಾಷ್ಟ್ರಕ್ಕೂ ಗುಳೆ ಹೋಗುತ್ತಾರೆ. ನೀರಿಗೆ ಕಾಲುವೆ, ಕರೆಂಟಿಗೆ ತಂತಿ, ಮೊಸರಿಗೆ ಗಡಿಗೆ, ಗುಳೆಗೆ ಬಸ್ಸು. ಕುಣಿತ ಒಯ್ಯಲಿಕ್ಕೆ ಮಾತ್ರ ಯಾವ ಸಾಧನವನ್ನೂ ಯಾರೂ ಮಾಡಿಟ್ಟಿಲ್ಲ. ಅದಕ್ಕೆ ಮನುಷ್ಯನೇ ಬೇಕು. ಇಷ್ಟು ಹೇಳಿದರೆ ಆಯೋಜಕರು "ವಿಡಿಯೋ ಕಳಿಸಿದರೆ ಸಾಲದಾ?" ಎಂದು ಕೇಳುತ್ತಾರೆ. ಸಾಲದು ಎನ್ನಿ.

ಗಡಿ ದಾಟುವುದೂ ಡೊಳ್ಳಿಗೆ ಹೊಸದಲ್ಲ. ದೀಪಾವಳಿ ಅಮಾವಾಸ್ಯೆಗೆ ಮಂಗಳವೇಡೆ ತಾಲ್ಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ. ಪಲ್ಲಕ್ಕಿಗಳು ಭೆಟ್ಟಿಯಾಗುತ್ತವೆ, ಭಂಡಾರ ಹಾರುತ್ತದೆ, ಕನ್ನಡ ಸೀಮೆಯ ಡೊಳ್ಳುಗಳು ಮಹಾರಾಷ್ಟ್ರದ ನೆಲದ ಮೇಲೆ ನಿಂತು ಗುಡುಗುತ್ತವೆ. ಅಲ್ಲಿ ಯಾರೂ ಯಾರ ಗುರುತಿನ ಚೀಟಿಯನ್ನೂ ಕೇಳುವುದಿಲ್ಲ. ಆ ಅನುಭವವನ್ನು ನಂಬಿ ಮುಂದಿನ ಭಾಗಗಳನ್ನು ಓದದೆ ಬಿಡಬೇಡಿ.

2. ಪೆಟ್ಟಿಗೆಯಲ್ಲಿ ಇರಬೇಕಾದವು

ಡೊಳ್ಳು, ಮೇಳದಲ್ಲಿ ಎಷ್ಟು ಜನವೋ ಅಷ್ಟು. ತಾಳ. ಗೆಜ್ಜೆ. ಕರಿ ಕಂಬಳಿ. ಭಂಡಾರ, ಚಿಕ್ಕ ಪೊಟ್ಟಣ. ಹಾಡುವವರು, ಕನಿಷ್ಠ ಇಬ್ಬರು. (ಆಯೋಜಕರು ಟಿಕೆಟ್ ಉಳಿಸಲು ಮೊದಲು ಹೊಡೆದು ಹಾಕುವ ಹೆಸರು ಇವರದೇ. ಹಾಡುವವರಿಲ್ಲದೆ ಬಂದ ಪೆಟ್ಟಿಗೆಯನ್ನು ಸ್ವೀಕರಿಸಬೇಡಿ.)

ಪೆಟ್ಟಿಗೆ ಕಟ್ಟುವಾಗ, ಮುಂಚೆ ಹೋಗಿಬಂದವರ ವಿಚಾರವೂ ತಿಳಿದಿರುವುದು ಒಳ್ಳೆಯದು. ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್, 1930ರ ದಶಕದಲ್ಲಿ ಅಮೆರಿಕದ ನರ್ತಕಿ ಲಾ ಮೇರಿಯ ಸಂಗಡ ಏಷ್ಯಾ ಪ್ರವಾಸಕ್ಕೆ ಹೊರಟರು. ಟೋಕಿಯೋದಲ್ಲಿ ಇಬ್ಬರ ದಾರಿ ಬೇರೆಯಾಯಿತು. ಪರದೇಶದಲ್ಲಿ ಒಬ್ಬರೇ ಉಳಿದ ಹುಡುಗ ಅಲ್ಲಿಂದ ಮುಂದಕ್ಕೇ ಹೋದರು, 1938ರಲ್ಲಿ ನ್ಯೂಯಾರ್ಕ್, 1939ರಲ್ಲಿ ಲಂಡನ್. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ತೊಗಲು ಗೊಂಬೆಗಳನ್ನು ಹೊತ್ತು ಹನ್ನೆರಡಕ್ಕೂ ಹೆಚ್ಚು ದೇಶ ತಿರುಗಿದವರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಹೊನ್ನಾವರದ ಗುಣವಂತೆಯ ಕೆರೆಮನೆ ಯಕ್ಷಗಾನ ಮಂಡಳಿ 1934ರಲ್ಲಿ ಹುಟ್ಟಿ ಖಂಡಗಳನ್ನು ದಾಟಿ ಬಂದಿದೆ. ದಾರಿ ಇದೆ ಎಂಬುದಕ್ಕೆ ಇಷ್ಟು ಸಾಕು. ದಾರಿಯಲ್ಲಿ ಎಷ್ಟು ಕಾಗದ ಬೇಕು ಎಂಬುದು ಮುಂದಿನ ಭಾಗ.

3. ಕಾಗದಪತ್ರ

ಹಂತ ಒಂದು: ಪಾಸ್‌ಪೋರ್ಟ್. ನಿಮ್ಮ ಹೆಸರು ಆಧಾರ್‌ನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು, ಪಹಣಿಯಲ್ಲಿ ಮತ್ತೊಂದು ಇರುತ್ತದೆ. ಊರಲ್ಲಿ ಕರೆಯುವುದು ನಾಲ್ಕನೆಯದರಿಂದ. ಈ ನಾಲ್ವರನ್ನೂ ಒಬ್ಬರನ್ನಾಗಿ ಮಾಡಿ.

ಹಂತ ಎರಡು: ವೀಸಾ. ಅಮೆರಿಕಕ್ಕಾದರೆ ಪಿ-3 ಎಂಬುದೊಂದಿದೆ. ಒಂದು ಜನಾಂಗಕ್ಕೆ ವಿಶಿಷ್ಟವಾದ ಕಲೆಯನ್ನು ಪ್ರದರ್ಶಿಸಲು, ಕಲಿಸಲು, ತರಬೇತಿ ಕೊಡಲು ಬರುವವರಿಗೆಂದೇ ಮಾಡಿದ್ದು. ಅಂದರೆ ಭಾನುವಾರದ ನಿಮ್ಮ ಕೆಲಸವನ್ನು ಅಮೆರಿಕದ ಕಾನೂನು ಹೆಸರಿಟ್ಟು ಗುರುತಿಸಿದೆ. ಪ್ರವಾಸಿ ವೀಸಾದ ಮೇಲೆ ಹೋಗಿ ಸಂಭಾವನೆ ತೆಗೆದುಕೊಳ್ಳುವ ಐಡಿಯಾ ಯಾರಾದರೂ ಕೊಟ್ಟರೆ ಅವರನ್ನೇ ಮೊದಲು ಕಳಿಸಿ.

ಪಿ-3ಗೆ ಅಲ್ಲಿನ ಆಯೋಜಕರು ಅರ್ಜಿ ಹಾಕಬೇಕು. ಜೊತೆಗೆ ನಿಮ್ಮ ಕಲೆ ಅಸಲಿ ಎಂದು ಬಲ್ಲವರು ಬರೆದ ಪತ್ರ ಬೇಕು. ಗಮನಿಸಿ: ಬಲ್ಲವರು ಎಂದರೆ ಹುಲಜಂತಿಯಲ್ಲಿ ನಿಮ್ಮ ಮುಂದೆ ನಿಂತು ಬಾರಿಸಿದ ಹಿರಿಯರಲ್ಲ, ಲೆಟರ್‌ಹೆಡ್ ಇರುವವರು. ನಿಮ್ಮ ಕಾಕಾನ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತು ಪಿಎಚ್‌ಡಿ ಮಾಡಿದವರೇ ಈಗ ನಿಮ್ಮ ಕಾಕಾನಿಗೆ ಡೊಳ್ಳು ಬರುತ್ತದೆಂದು ಬರೆದುಕೊಡಬೇಕು. ಅವರು ಕೊಡುತ್ತಾರೆ, ಒಳ್ಳೆಯವರು. ಪತ್ರದಲ್ಲಿ ಕಾಕಾನ ಹೆಸರು ಸರಿಯಾಗಿದೆಯೇ ನೋಡಿಕೊಳ್ಳಿ.

ಹಂತ ಮೂರು: ಸಂದರ್ಶನ. ಕರ್ನಾಟಕದವರ ಕಡತ ಚೆನ್ನೈ ದೂತಾವಾಸದ ವ್ಯಾಪ್ತಿಗೆ ಬರುತ್ತದೆ. ಮೇಳದ ಹೆಸರಲ್ಲಿ ಜನ ಸಾಗಿಸಿದ ಪ್ರಕರಣಗಳನ್ನು ಈ ದೇಶ ಕಂಡಿರುವುದರಿಂದ, ಗಾಜಿನ ಆಚೆಯವರಿಗೆ ನಿಮ್ಮ ಮೇಲೆ ಅನುಮಾನ ಇದ್ದೇ ಇರುತ್ತದೆ. "ನೀವು ವಾಪಸು ಬರುತ್ತೀರಿ ಎಂಬುದಕ್ಕೆ ಏನು ಖಾತ್ರಿ?" ಎಂದು ಕೇಳುತ್ತಾರೆ. ನಿಮ್ಮ ಬಾಯಿಗೆ ಬರುವ ಉತ್ತರ, "ಬೀರಪ್ಪನ ಜಾತ್ರಿ ಐತಿರಿ, ನಾ ಬರಲಿಲ್ಲಂದ್ರ ಡೊಳ್ಳ ಯಾರ ಬಾರಸ್ತಾರ?" ಇದು ಸತ್ಯ, ಬಲವಾದ ಕಾರಣವೂ ಹೌದು. ಆದರೆ ಅರ್ಜಿಯಲ್ಲಿ ಜಾತ್ರೆಗೆ ಕಾಲಂ ಇಲ್ಲ. ಪಹಣಿ ತೋರಿಸಿ. "ಒಂದು ಸ್ವಲ್ಪ ಬಾರಿಸಿ ತೋರಿಸಿ" ಎಂದು ಕೇಳಿದರೂ ಕೇಳಬಹುದು. ಡೊಳ್ಳನ್ನು ಗೇಟಿನಲ್ಲೇ ಇಡಿಸಿಕೊಂಡಿರುತ್ತಾರೆ. ಮೇಜು ಬಾರಿಸಬೇಡಿ, ಹಾಡಿ.

4. ಸಾಗಣೆ

ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಿರಿ. ಬಸವನ ಬಾಗೇವಾಡಿ ಅಲ್ಲಿಲ್ಲ, ರೋಡ್ ಮಾತ್ರ ಇದೆ. ಊರಿಗೆ ಬರುವವರಿಗೆ ಇದು ತೊಂದರೆ, ಬಿಡುವವರಿಗೆ ಅಲ್ಲ. ರೈಲಿನಲ್ಲಿ ಡೊಳ್ಳಿಗೆ ಸೀಟು ಕೇಳಬೇಡಿ, ಡೊಳ್ಳಿನ ಮೇಲೆ ಯಾರನ್ನೂ ಕೂಡಿಸಬೇಡಿ.

ವಿಮಾನದಲ್ಲಿ ಸಾಮಾನ್ಯವಾಗಿ ಒಂದು ನಗ 23 ಕಿಲೋ. ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು. ಮೀರಿದ ಪ್ರತಿ ಡೊಳ್ಳಿಗೆ ಹೆಚ್ಚಿನ ಹಣ. ಈ ಹಣ ಯಾರು ಕೊಡುತ್ತಾರೆಂದು ಮೊದಲೇ ಬರೆಸಿಕೊಳ್ಳಿ. ಕೌಂಟರಿನ ಮುಂದೆ ನಿಂತು ಕೇಳಿದರೆ ಎಲ್ಲರ ಫೋನೂ ನಾಟ್ ರೀಚಬಲ್.

ಡೊಳ್ಳಿಗೆ ಎರಡು ಬದಿಗೂ ತೊಗಲು. ಆಸ್ಟ್ರೇಲಿಯದಂಥ ದೇಶಗಳಲ್ಲಿ ತೊಗಲು, ಉಣ್ಣೆ, ಕಟ್ಟಿಗೆ ಎಲ್ಲವನ್ನೂ ಇಳಿದ ಕೂಡಲೇ ಕಾರ್ಡಿನಲ್ಲಿ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದಂಡ. ಹಸಿ ತೊಗಲು, ಕೂದಲು ಉಳಿದ ತೊಗಲು ಒಯ್ಯಬೇಡಿ. ಕಂಬಳಿಯನ್ನು ಚೆನ್ನಾಗಿ ಝಾಡಿಸಿ. ಅದರಲ್ಲಿ ಸಿಕ್ಕ ಒಂದು ಜೋಳದ ಕಾಳು ಕೂಡ ಅಧಿಕಾರಿಗಳ ಕಣ್ಣಿಗೆ ಬೀಳುತ್ತದೆ. ನವಿಲುಗರಿ ಬೇಡ, ಅದನ್ನು ದೇಶದ ಹೊರಗೆ ಕಳಿಸುವುದಕ್ಕೆ ಭಾರತದಲ್ಲೇ ನಿಷೇಧವಿದೆ. ಗೆಜ್ಜೆಯನ್ನು ಕೈಚೀಲದಲ್ಲಿ ಇಡಬೇಡಿ. ಭಂಡಾರವನ್ನು ಅಂಗಡಿಯ ಅರಿಷಿಣದ ಸೀಲ್ ಪ್ಯಾಕೆಟ್ಟಿನಲ್ಲೇ ಒಯ್ಯಿರಿ. ಕಾಗದದಲ್ಲಿ ಕಟ್ಟಿದ ಹಳದಿ ಪುಡಿಯನ್ನು ದೇವರ ಪ್ರಸಾದ ಎಂದು ಕಸ್ಟಮ್ಸ್‌ನವರಿಗೆ ಒಪ್ಪಿಸುವಷ್ಟರಲ್ಲಿ ಮುಂದಿನ ವಿಮಾನ ಹೋಗಿರುತ್ತದೆ.

5. ಶನಿವಾರ: ಜೋಡಣೆ ಮತ್ತು ಚಾಲನೆ

ವಿದೇಶದ ವೇದಿಕೆ ಎಂದರೆ ಹೆಚ್ಚಾಗಿ ನಮ್ಮವರದೇ ವೇದಿಕೆ. ಅಮೆರಿಕದ ಕನ್ನಡ ಕೂಟಗಳ ಆಗರ ಅಕ್ಕ, 2000ದಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿದಂದಿನಿಂದ ಜಾನಪದ ತಂಡವಿಲ್ಲದ ಮೆರವಣಿಗೆಯನ್ನು ಯಾರೂ ಊಹಿಸುವುದಿಲ್ಲ. ನಿಮಗೆ ಸಿಗುವ ಸಮಯ ಏಳು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ನಿಮ್ಮನ್ನು ಪರಿಚಯಿಸುತ್ತಾರೆ.

ಡೊಳ್ಳಿನ ಮೇಳಕ್ಕೆ ಒಂದು ರಾತ್ರಿ ಬೇಕು. ನಮ್ಮ ಕಡೆ ಡೊಳ್ಳು ಹಾಡಿನ ಹಿಂದೆ ಹೋಗುತ್ತದೆ. ಹಾಡಿಕೆಯವರು ಹಾಲುಮತದ ಕತೆ ಎತ್ತುತ್ತಾರೆ, ಎದುರಿನ ಮೇಳ ಸವಾಲು ಹಾಕುತ್ತದೆ, ಇವರು ಜವಾಬು ಕೊಡುತ್ತಾರೆ, ನಡುವೆ ಡೊಳ್ಳು ಏಳುತ್ತದೆ. ಏಳು ನಿಮಿಷದಲ್ಲಿ ಸವಾಲೂ ಮುಗಿಯುವುದಿಲ್ಲ. ಆದ್ದರಿಂದ ಆಯೋಜಕರು ಹೇಳುತ್ತಾರೆ: "ಹಾಡು ಬಿಡಿ, ಮಕ್ಕಳಿಗೆ ಅರ್ಥ ಆಗಲ್ಲ. ಬೀಟ್ಸ್ ಇರಲಿ. ಒಬ್ಬರ ಮೇಲೊಬ್ಬರು ಹತ್ತುತ್ತೀರಲ್ಲ, ಅದನ್ನು ಕೊನೆಗೆ ಇಡಿ." ನಿಮ್ಮೂರಲ್ಲಿ ಯಾರೂ ಹತ್ತುತ್ತಿರಲಿಕ್ಕಿಲ್ಲ. ಹತ್ತುವುದನ್ನು ಕಲಿತುಕೊಂಡು ಹೋಗಿ.

ಎಚ್ಚರಿಕೆ: ಸಭಾಂಗಣದ ಹವೆಯಲ್ಲಿ ತೇವವಿದ್ದರೆ ತೊಗಲು ಸಡಿಲಾಗುತ್ತದೆ. ಊರಲ್ಲಿ ಮಾಡಿದಂತೆ ಬೆಂಕಿ ಹೊತ್ತಿಸಿ ಕಾಯಿಸಲು ಹೋದರೆ ಚಾವಣಿಯಿಂದ ನೀರು ಸುರಿದು, ಅಗ್ನಿಶಾಮಕದವರು ಬಂದು, ನಿಮ್ಮ ಏಳು ನಿಮಿಷವನ್ನು ಅವರೇ ಬಳಸುತ್ತಾರೆ. ಕೂದಲು ಒಣಗಿಸುವ ಯಂತ್ರ ಕೇಳಿ. ಪ್ರತಿ ಮನೆಯಲ್ಲೂ ಇರುತ್ತದೆ.

ಇದೆಲ್ಲ ನಿಮ್ಮೊಬ್ಬರಿಗೇ ಬಂದ ಕಷ್ಟ ಎಂದುಕೊಳ್ಳಬೇಡಿ. ಈ ದಾರಿಯಲ್ಲಿ ನಿಮಗಿಂತ ಬಹಳ ಮುಂದೆ ಹೋದ ಒಂದು ಕುಣಿತ ಇದೆ, ಈಜಿಪ್ಟಿನ ಬೆಲ್ಲಿ ಡ್ಯಾನ್ಸ್. 1893ರ ಷಿಕಾಗೋ ಮಹಾಮೇಳದಲ್ಲಿ ಕೈರೋದ ಬೀದಿಯೊಂದನ್ನೇ ಕಟ್ಟಿ ಅದನ್ನು ಕುಣಿಸಿದರು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ವರ್ಷ, ಅದೇ ಮೇಳದ ಅಂಗವಾಗಿ ನಡೆದದ್ದು. ಯಾವುದಕ್ಕೆ ಹೆಚ್ಚು ಟಿಕೆಟ್ ಹೋಯಿತೆಂದು ಕೇಳಬಾರದು. ಮುಂದೆ 1926ರಲ್ಲಿ ಬದಿಯಾ ಮಸಾಬ್ನಿ ಕೈರೋದಲ್ಲಿ ತನ್ನ ರಂಗಶಾಲೆ ತೆರೆದಳು. ಮದುವೆಮನೆಯಲ್ಲಿ, ಹತ್ತಿರ ಕೂತವರ ನಡುವೆ ನಿಂತಲ್ಲೇ ಕುಣಿಯುತ್ತಿದ್ದ ಕುಣಿತ ದೊಡ್ಡ ವೇದಿಕೆಗೆ ಬಂತು. ಕೈಗಳು ಚಾಚಿಕೊಂಡವು, ಹೆಜ್ಜೆ ವೇದಿಕೆಯ ತುಂಬ ಓಡಾಡಿತು, ಹಿಂದೆ ಸಾಲು ಹುಡುಗಿಯರು ನಿಂತರು. ಸಾಮಿಯಾ ಗಮಾಲ್, ತಹಿಯಾ ಕರಿಯೋಕಾ ಅಲ್ಲಿಂದಲೇ ಸಿನಿಮಾಕ್ಕೆ ಹೋದವರು. ದೂರ ಕೂತವರಿಗೆ ಕಾಣಬೇಕೆಂದರೆ ಕುಣಿತ ಬದಲಾಗಲೇಬೇಕು. ನಾವು ಒಬ್ಬರ ಮೇಲೊಬ್ಬರು ಹತ್ತುವುದೂ ಅದಕ್ಕೇ. ಅದರಲ್ಲಿ ನಾಚಿಕೆಯಿಲ್ಲ. ಶನಿವಾರ ಚೆನ್ನಾಗಿ ಹತ್ತಿ, ಚೆನ್ನಾಗಿ ಇಳಿಯಿರಿ.

6. ಭಾನುವಾರ: ಕಲಿಸುವುದು

ಈ ಭಾಗವನ್ನು ಎರಡು ಸಲ ಓದಿ.

ಬೆಲ್ಲಿ ಡ್ಯಾನ್ಸಿಗೆ ಮುಂದೇನಾಯಿತು ಎಂಬುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಕಲಿಸುವವರು ಲೋಕವೆಲ್ಲ ತಿರುಗಿದರು, ಕಲಿಯುವವರು ಲೋಕವೆಲ್ಲ ಹುಟ್ಟಿದರು. 2000ದಲ್ಲಿ ರಾಖಿಯಾ ಹಸನ್ ಕೈರೋದಲ್ಲಿ ಶುರುಮಾಡಿದ ಅಹ್ಲನ್ ವ ಸಹ್ಲನ್ ಉತ್ಸವಕ್ಕೆ ಪರದೇಶದ ಹೆಂಗಸರು ಕಲಿಯಲು ಸಾಲುಗಟ್ಟಿದರು. ಕಲಿತವರಲ್ಲಿ ಹಲವರು ಕೈರೋದ ಹೋಟೆಲುಗಳಲ್ಲೇ ಕೆಲಸಕ್ಕೆ ನಿಂತರು. ಕೊನೆಗೆ 2003ರಲ್ಲಿ ಈಜಿಪ್ಟ್ ಸರ್ಕಾರ ಪರದೇಶದವರು ತನ್ನ ನೆಲದಲ್ಲಿ ಈ ಕುಣಿತ ಕುಣಿಯಬಾರದೆಂದು ನಿಷೇಧ ಹಾಕಿತು. 2004ರಲ್ಲಿ ಅದನ್ನು ತೆಗೆಯಿತು. ತನ್ನ ಮನೆಯ ಕುಣಿತವನ್ನು ಮನೆಯೊಳಗೆ ಯಾರು ಕುಣಿಯಬೇಕೆಂದು ಸರ್ಕಾರವೇ ಕಾನೂನು ಮಾಡಬೇಕಾಯಿತು.

ಇದಕ್ಕೆ ಪರದೇಶದವರನ್ನು ದೂರಿ ಉಪಯೋಗವಿಲ್ಲ. ಈಜಿಪ್ಟಿನಲ್ಲಿ ಮದುವೆಗೆ ಕುಣಿಯುವವಳು ಬೇಕು. ಮನೆಗೆ ಸೊಸೆಯಾಗಿ ಬೇಡ, ಮಗಳು ಕಲಿಯುವುದಂತೂ ಬೇಡವೇ ಬೇಡ. ಊರವರು ಮಗಳನ್ನು ಕಳಿಸದ ಪಾಠಕ್ಕೆ ಬೇರೆ ದೇಶದವರು ದುಡ್ಡು ಕೊಟ್ಟು ಬಂದರು. ಇದನ್ನು ಓದಿ ಈಜಿಪ್ಟಿನವರ ಮೇಲೆ ನಗುವ ಮೊದಲು, ಕಂಪನಿ ನಾಟಕದ ನಟಿಗೆ ಸೀಟಿ ಹೊಡೆದು ಬಂದವರು ಮರುದಿನ ಆಕೆಗೆ ಬಾಡಿಗೆಗೆ ಮನೆ ಕೊಡಲು ಹಿಂದೆಮುಂದೆ ನೋಡಿದ್ದು ಯಾವ ದೇಶದಲ್ಲಿ ಎಂದು ನೆನಪಿಸಿಕೊಳ್ಳಿ. ನಿಮ್ಮ ಡೊಳ್ಳಿಗೆ ದೇವರ ಆಸರೆ ಇದೆ, ಆ ಮಟ್ಟಿಗೆ ನೀವು ಪುಣ್ಯವಂತರು. ಆದರೆ ಊರಲ್ಲಿ ನಿಮ್ಮ ಮೇಳದಲ್ಲಿರುವ ಅತ್ಯಂತ ಕಿರಿಯನ ವಯಸ್ಸೆಷ್ಟು? ಉತ್ತರವನ್ನು ಇಲ್ಲಿ ಬರೆಯಿರಿ: ______. ನಲವತ್ತಕ್ಕಿಂತ ಹೆಚ್ಚಿದ್ದರೆ ನೇರವಾಗಿ 8ನೇ ಭಾಗಕ್ಕೆ ಹೋಗಿ.

ಕಾರ್ಯಾಗಾರದ ನಿಯಮಗಳು:

ಅ) ಕೋಲನ್ನು ಕೊಡುವ ಮೊದಲು ಹಾಡನ್ನು ಕೊಡಿ. ಮೊದಲ ಅರ್ಧ ತಾಸು ಯಾರೂ ಡೊಳ್ಳು ಮುಟ್ಟದಿರಲಿ. ಅರ್ಥವಾಗದಿದ್ದರೂ ಬಾಯಿ ಕೂಡಿಸಲಿ. ಶನಿವಾರ ಕತ್ತರಿಸಿ ಬಿಟ್ಟದ್ದನ್ನು ಭಾನುವಾರ ಸೇರಿಸಲು ಇದೊಂದೇ ಅವಕಾಶ.

ಆ) ಯಾವ ವರಸೆ ಯಾರಿಂದ ಬಂತು, ಯಾವ ಊರಿನದು, ಯಾವ ಹೊತ್ತಿಗೆ ಬಾರಿಸುತ್ತಾರೆ ಎಂಬುದನ್ನು ಪ್ರತಿ ಸಲವೂ ಹೇಳಿ. ಹೇಳದಿದ್ದರೆ ಎರಡು ವರ್ಷದಲ್ಲಿ ಅದಕ್ಕೆ ಬೇರೆ ಹೆಸರಿರುತ್ತದೆ, ಹೆಸರಿಗೆ ಒಂದು ಕೋರ್ಸು ಇರುತ್ತದೆ, ಕೋರ್ಸಿಗೆ ಒಂದು ಫೀ ಇರುತ್ತದೆ.

ಇ) ಹತ್ತು ವರಸೆಯ ತುಣುಕು ತೋರಿಸಬೇಡಿ. ಒಂದನ್ನು ಪೂರ್ತಿ ಕಲಿಸಿ. ಅಂಗೈ ಊದಿಕೊಂಡವರು ಮಾತ್ರ ಮರೆಯುವುದಿಲ್ಲ.

ಈ) ಎರಡು ತಾಸಿಗೆ ಪ್ರಮಾಣಪತ್ರ ಕೊಡಬೇಡಿ. ನಿಮ್ಮ ಕಾಕಾನಿಗೆ ಅರವತ್ತು ವರ್ಷ ಬಾರಿಸಿದ ಮೇಲೂ ಯಾರದೋ ಪತ್ರ ಬೇಕಾಯಿತು.

ಉ) ಕಲಿಸಿದ್ದಕ್ಕೆ ಬೇರೆ ಸಂಭಾವನೆ, ಕುಣಿದದ್ದಕ್ಕೆ ಬೇರೆ. ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. "ಕಲಿಸೋದೇನ್ರಿ, ಹಂಗ ಒಂದ್ ಸ್ವಲ್ಪ ತೋರಸ್ರಿ" ಎಂಬ ವಾಕ್ಯವನ್ನು ಸಂಭಾವನೆ ಎಂದು ತಿಳಿಯಬೇಡಿ.

ಊ) ಚೆನ್ನಾಗಿ ಕಲಿತವರೊಬ್ಬರು ಸಿಕ್ಕರೆ ಅವರನ್ನು ಊರಿಗೆ ಕರೆಯಿರಿ. ಮಾರ್ಥಾ ಆಷ್ಟನ್ ಅಮೆರಿಕದಿಂದ ಕರಾವಳಿಗೆ ಬಂದು, ಇದ್ದು, ಯಕ್ಷಗಾನ ಕಲಿತವರು. 1977ರಲ್ಲಿ ಬಂದ ಅವರ ಪುಸ್ತಕಕ್ಕೆ ಆ ವಾಸವೇ ಬುನಾದಿ. ಬಂದು ಕಲಿತವರಿಗೆ ಯಕ್ಷಗಾನದ ರಾತ್ರಿ ಎಷ್ಟು ಉದ್ದವೆಂದು ಗೊತ್ತಿರುತ್ತದೆ.

7. ದೋಷ ಮತ್ತು ಪರಿಹಾರ

ದೋಷ: ವೇದಿಕೆಯಲ್ಲಿ ನಿಮ್ಮನ್ನು ಕೊಡವರ ತಂಡವೆಂದು ಪರಿಚಯಿಸಿದರು.
ಪರಿಹಾರ: ಬಾರಿಸಿ. ತಿದ್ದುವ ಕೆಲಸವನ್ನು ಡೊಳ್ಳಿಗೆ ಬಿಡಿ.

ದೋಷ: ಮೂರು ಹೊತ್ತೂ ಇಡ್ಲಿ, ಬಿಸಿಬೇಳೆಬಾತ್. ರೊಟ್ಟಿ ಇಲ್ಲ.
ಪರಿಹಾರ: ಖಡಕ್ ರೊಟ್ಟಿ ಜೊತೆಗೆ ಒಯ್ದಿರಬೇಕು. ಚೂರಾಗಿದ್ದರೂ ಅದು ರೊಟ್ಟಿಯೇ. ಶೇಂಗಾ ಹಿಂಡಿಯನ್ನು ಆತಿಥೇಯರಿಗೆ ತೋರಿಸಿದರೆ ನಿಮಗೆ ಉಳಿಯುವುದಿಲ್ಲ.

ದೋಷ: ನೆರೆಮನೆಯವರು ಸದ್ದಿಗೆ ಪೊಲೀಸರನ್ನು ಕರೆದರು.
ಪರಿಹಾರ: ತಾಲೀಮನ್ನು ತೊಡೆಯ ಮೇಲೆ ಮಾಡಿ. ಕಾರ್ಯಾಗಾರಕ್ಕೆ ಶಾಲೆಯ ಜಿಮ್ ಕೇಳಿ.

ದೋಷ: ಕಾರ್ಯಾಗಾರಕ್ಕೆ ಬಂದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.
ಪರಿಹಾರ: ಇದು ದೋಷವಲ್ಲ. ಕರ್ನಾಟಕದಲ್ಲೂ ಮಹಿಳೆಯರ ಡೊಳ್ಳಿನ ತಂಡಗಳಿವೆ. ನಿಮ್ಮೂರಲ್ಲಿ ಇಲ್ಲದಿದ್ದರೆ ಅದನ್ನು ದೋಷದ ಪಟ್ಟಿಗೆ ಸೇರಿಸಿಕೊಳ್ಳಿ.

ದೋಷ: ಅಮೆರಿಕದ ಹುಡುಗಿಯೊಬ್ಬಳು ನಿಮಗಿಂತ ಚೆನ್ನಾಗಿ ಬಾರಿಸುತ್ತಿದ್ದಾಳೆ.
ಪರಿಹಾರ: ಸಂತೋಷಪಡಿ. ಊರಿಗೆ ಬಂದು ಹೇಳಿ. ನಂಬುವುದಿಲ್ಲ, ಆಗ ವಿಡಿಯೋ ತೋರಿಸಿ.

8. ವಾರಂಟಿ ಮತ್ತು ನಂತರದ ಸೇವೆ

ಕುಣಿತಕ್ಕೆ ವಾರಂಟಿ ಇದೆ: ನೀವು ಇರುವವರೆಗೆ. ಕಲಿಸಿದ ಹೆಜ್ಜೆಗೆ ವಾರಂಟಿ ಇಲ್ಲ. ಅದು ಯಾವ ಜಾಹೀರಾತಿನಲ್ಲಿ, ಯಾರ ಹೆಸರಿನಲ್ಲಿ, ಯಾವ ಹಾಡಿನ ಹಿಂದೆ ಬಂದರೂ ತಯಾರಕರು ಹೊಣೆಯಲ್ಲ.

ಊರಿಗೆ ಬಂದ ಮೇಲೆ ನಿಮಗೊಂದು ಶಾಲು, ಹಾರ, ಹಣ್ಣಿನ ಬುಟ್ಟಿ ಬರುತ್ತವೆ. ಹೋಗುವ ಮುಂಚೆ "ಕುಣ್ಯಾಕ ಅಷ್ಟ ದೂರ ಯಾಕ ಹೋಗಬೇಕು?" ಎಂದು ಕೇಳಿದವರೇ ಶಾಲು ಹೊದಿಸುತ್ತಾರೆ. ಫೋಟೋ ತೆಗೆಸಿಕೊಳ್ಳಿ. ಆಮೇಲೆ ರಾಮ್ ಗೋಪಾಲ್ ಮಾಡಿದ್ದನ್ನು ಒಮ್ಮೆ ನೋಡಿ. ಲೋಕ ಸುತ್ತಿ ಬಂದ ಅವರು ಬೆಂಗಳೂರಿನ ಬೆನ್ಸನ್ ಟೌನ್‌ನ ಮನೆಯಲ್ಲಿ ನೃತ್ಯಶಾಲೆ ತೆರೆದರು. ಮೃಣಾಲಿನಿ ಸಾರಾಭಾಯಿ ಅವರ ಜೊತೆಗಾರ್ತಿಯಾಗಿ ಕುಣಿದರು. ಕಡೆಗೆ ಅವರು ನೆಲೆಸಿದ್ದು, 2003ರಲ್ಲಿ ತೀರಿಕೊಂಡದ್ದು ಇಂಗ್ಲೆಂಡಿನಲ್ಲೇ. ಆದರೆ ಪಾಠವನ್ನು ಊರಲ್ಲೂ ಹೇಳಿದ್ದರು.

ನೀವು ಇನ್ನೂ ಸ್ವಲ್ಪ ಬುದ್ಧಿವಂತರಾಗಬಹುದು. ಊರಿನ ಪಾಠವನ್ನು ಬಂದ ಮೇಲೆ ಮಾಡುವ ಬದಲು ಹೋಗುವ ಮುಂಚೆಯೇ ಮಾಡಿ. ಅದೇ ಎರಡು ತಾಸು, ಅದೇ ಅರ್ಧ ತಾಸು ಹಾಡು, ಅದೇ ಒಂದು ವರಸೆ, ಹುಡುಗರಿಗೂ ಹುಡುಗಿಯರಿಗೂ. ಮಸೂತಿಯಲ್ಲಿ ಒಬ್ಬರಿಗೂ ಬಾರದ್ದನ್ನು ನ್ಯೂಜೆರ್ಸಿಯಲ್ಲಿ ನಲವತ್ತು ಜನಕ್ಕೆ ಕಲಿಸಿ ಬಂದರೆ, ನೀವು ಕೊಟ್ಟು ಬಂದದ್ದು ಪಾಠವಲ್ಲ, ಆಸ್ತಿಯ ಉತಾರ.

ಆದ್ದರಿಂದ ಕಾರ್ಯಾಗಾರದ ದಿನಾಂಕ ಗೊತ್ತಾದ ಕೂಡಲೇ ಊರ ಶಾಲೆಯ ಹೆಡ್‌ಮಾಸ್ತರರನ್ನು ಕಂಡು ಒಂದು ಶನಿವಾರ ಮುಂಜಾನೆ ಎರಡು ತಾಸು ಕೇಳಿ. ಮೇಲಿನವರ ಪರವಾನಗಿ ಇಲ್ಲದೆ ಹೊರಗಿನವರು ಶಾಲೆಯಲ್ಲಿ ಕಲಿಸುವಂತಿಲ್ಲ ಎಂದು ಅವರು ಹೇಳಬಹುದು. 3ನೇ ಭಾಗದ ಕಡತ ಬಿಚ್ಚಿ ಪಿ-3ರ ಮಂಜೂರಾತಿ ತೋರಿಸಿ. ನಿಮಗೆ ಡೊಳ್ಳು ಕಲಿಸಲು ಬರುತ್ತದೆಂದು ಅಮೆರಿಕ ಸರ್ಕಾರ ಒಪ್ಪಿದೆ. ಮಸೂತಿಯ ಶಾಲೆಯೂ ಒಪ್ಪಬಹುದು.